ವೈಯೀಸ್ಟ್ ಬಿಯರ್ ನ್ಯೂಟ್ರಿಯೆಂಟ್ ಬ್ಲೆಂಡ್: ಪ್ರತಿ ಸಲವೂ ಬೇಕೇ?

ಬಿಯರ್ ಮಾಡುವಾಗ ಯೀಸ್ಟಿಗೆ ಪೋಷಣೆಯಾಗಿ ಹಾಕುವ ಈ ಪುಡಿಯ ಅಳತೆ ಸುಲಭ: 19 ಲೀಟರ್ ವರ್ಟ್‌ಗೆ (ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ ತೆಗೆದ, ಇನ್ನೂ ಹುದುಗದ ಸಿಹಿ ರಸ) ಅರ್ಧ ಟೀ ಚಮಚ, ಸುಮಾರು 2.2 ಗ್ರಾಂ. ಕುದಿ ಮುಗಿಯಲು 10 ನಿಮಿಷ ಇರುವಾಗ ಹಾಕಬೇಕು. ಒಣ ಪುಡಿಯನ್ನೇ ಸುರಿದರೆ ನೊರೆ ಉಕ್ಕಿ ಪಾತ್ರೆಯಿಂದ ಹೊರಬರಬಹುದು; ಬೆಚ್ಚಗಿನ ನೀರಲ್ಲಿ ಕದಡಿ ಹಾಕಿ.

ಇದರಲ್ಲಿ ವಿಟಮಿನ್, ಖನಿಜ, ಸಾರಜನಕ, ಫಾಸ್ಫೇಟ್, ಸತು ಎಲ್ಲವೂ ಇವೆ. ಯೀಸ್ಟಿಗೆ ಹಾಕುವ ಇನ್ನೊಂದು ಪುಡಿಯಾದ ಡಿಎಪಿಯಲ್ಲಿ (ಡೈಅಮೋನಿಯಂ ಫಾಸ್ಫೇಟ್) ಸಿಗುವುದು ಸಾರಜನಕ, ಫಾಸ್ಫೇಟ್ ಮಾತ್ರ. ಬಾರ್ಲಿ ಮಾಲ್ಟ್‌ನ ವರ್ಟ್‌ನಲ್ಲಿ ಸಾರಜನಕಕ್ಕೆ ಸಾಮಾನ್ಯವಾಗಿ ಬರವಿಲ್ಲ, ಕೊರತೆ ಬೀಳುವುದು ಸತುವಿಗೆ. ಹಾಗಾಗಿ ಬಿಯರಿಗೆ ಬರೀ ಡಿಎಪಿ ಹಾಕುವುದು ಹೊಟ್ಟೆ ತುಂಬಿದವನಿಗೆ ಮತ್ತೆ ಅನ್ನ ಬಡಿಸಿದಂತೆ.

ಒರಿಜಿನಲ್ ಗ್ರಾವಿಟಿ (ಹುದುಗುವ ಮೊದಲು ವರ್ಟ್‌ನ ಸಾಂದ್ರತೆ) 1.050ರ ಆಸುಪಾಸಿನ, ಪೂರ್ತಿ ಮಾಲ್ಟ್‌ನ ಏಲ್ ಬಗೆಯ ಬಿಯರಿಗೆ ತಾಜಾ ಯೀಸ್ಟ್ ಸಾಕಷ್ಟು ಹಾಕಿದ್ದರೆ ಈ ಪುಡಿ ಇಲ್ಲದೆಯೂ ನಡೆಯುತ್ತದೆ. 1.070 ದಾಟಿದರೆ, ಸಕ್ಕರೆಯ ಪಾಲು ಹೆಚ್ಚಿದ್ದರೆ, ಅಥವಾ ಹಳೇ ಬ್ಯಾಚಿನ ಯೀಸ್ಟನ್ನೇ ಮತ್ತೆ ಬಳಸುತ್ತಿದ್ದರೆ ಖಂಡಿತ ಹಾಕಿ.

ಚಮಚ ತುಂಬಿ ಹಾಕಿದರೆ ಲಾಭವಿಲ್ಲ. ಯೀಸ್ಟ್ ಬಿಟ್ಟದ್ದು ಕಾಡು ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಹುದುಗು ಅರ್ಧಕ್ಕೇ ನಿಂತ ಮೇಲೆ ಸುರಿಯುವುದಂತೂ ಬಹುತೇಕ ವ್ಯರ್ಥ. ಮೊದಲು ತಾಪಮಾನ, ಯೀಸ್ಟಿನ ಪ್ರಮಾಣ ನೋಡಿ. ಆಮ್ಲಜನಕದ ಕೊರತೆಯನ್ನಂತೂ ಈ ಪುಡಿ ತುಂಬಿಕೊಡುವುದಿಲ್ಲ.