67 ಮಿ.ಮೀ. ಸರ್ಕ್ಯುಲರ್ ಪೋಲರೈಸರ್: ಹೊಳಪನ್ನು ಕಳೆಯುತ್ತದೆ, ಬೆಳಕನ್ನೂ ನುಂಗುತ್ತದೆ

ಚಿಕ್ಕಮಗಳೂರಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕ, ಲೆನ್ಸಿನ ಮುಂದೆ ತೊಡಿಸಿ ತಿರುಗಿಸುವ ಈ ಪೋಲರೈಸರ್ ಫಿಲ್ಟರ್, ಕೆರೆ ಮತ್ತು ಕಾಫಿ ತೋಟಗಳ ಚಿತ್ರಗಳಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಮಾನು. ಆದರೆ ಮಳೆಗಾಲದಲ್ಲಿ ಇದನ್ನು ಸದಾ ಲೆನ್ಸಿಗೆ ತೊಡಿಸಿಕೊಂಡು ತಿರುಗುವುದು ತರವಲ್ಲ.

ಎಲ್ಲ ದಿಕ್ಕುಗಳಲ್ಲೂ ಕಂಪಿಸುವ ಸಾಮಾನ್ಯ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಪೋಲರೈಸರನ್ನೂ ದಾಟಿ ಬರಲಾರದು. ಫಿಲ್ಟರಿನ ಉಂಗುರವನ್ನು ಎಷ್ಟು ತಿರುಗಿಸಿದರೂ ಆ ನಷ್ಟ ತಪ್ಪುವುದಿಲ್ಲ. ತಿರುಗಿಸಿದಾಗ ಹೆಚ್ಚುಕಡಿಮೆಯಾಗುವುದು ಮೊದಲೇ ಧ್ರುವೀಕರಣಗೊಂಡ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕು ಮಾತ್ರ. ಪ್ರತಿಫಲನದಿಂದ ಬೆಳಕು ಧ್ರುವೀಕರಣಗೊಳ್ಳುವುದನ್ನು 1808ರಲ್ಲಿ ಕಂಡುಕೊಂಡ ಫ್ರಾನ್ಸಿನ ವಿಜ್ಞಾನಿ ಮಾಲ್ಯೂಸ್ ಹೆಸರಿನ ನಿಯಮದಂತೆ, ದಾಟಿ ಬರುವ ಆ ಬೆಳಕಿನ ತೀವ್ರತೆಯು ಅದರ ಕಂಪನದ ದಿಕ್ಕಿಗೂ ಫಿಲ್ಟರಿನ ಅಕ್ಷಕ್ಕೂ ನಡುವಿನ ಕೋನದ ಕೊಸೈನಿನ ವರ್ಗಕ್ಕೆ ಅನುಗುಣವಾಗಿರುತ್ತದೆ: 30 ಡಿಗ್ರಿಯಲ್ಲಿ ಮುಕ್ಕಾಲು ಭಾಗ, 45ರಲ್ಲಿ ಅರ್ಧ, 60ರಲ್ಲಿ ಕಾಲು, 90ರಲ್ಲಿ ಸೊನ್ನೆ. ಆದ್ದರಿಂದ ತಿರುಗಿಸಲು ತೊಡಗಿದ ಕೂಡಲೇ ಏನೂ ಬದಲಾಗಲಿಲ್ಲವೆಂದು ಕೈಬಿಡಬಾರದು.

ಕೊಳ್ಳುವ ಮುನ್ನ ಅಂಗಡಿಯ ಎಲ್‌ಸಿಡಿ ಮಾನಿಟರಿನ ಕಡೆಗೆ ಫಿಲ್ಟರಿನ ಮುಂಭಾಗವನ್ನು ಹಿಡಿದು ತಿರುಗಿಸಿ ನೋಡುವುದು ಒಳ್ಳೆಯದು, ಏಕೆಂದರೆ ಅಂಥ ಪರದೆಯಿಂದ ಬರುವುದೇ ಧ್ರುವೀಕೃತ ಬೆಳಕು. ನಾನು ಕೊಂಡದ್ದರಲ್ಲಿ ಪರದೆ ಪೂರ್ತಿ ಕಪ್ಪಾಗದೆ ತುಸು ನೇರಳೆಗೆ ತಿರುಗಿತು. ಈ ಬೆಲೆಗೆ ಅದನ್ನು ಸಹಿಸಬಹುದು.

ಹಿರೇಕೊಳಲೆ ಕೆರೆಯ ದಂಡೆಯಲ್ಲಿ ಇದರ ಗುಣ ಚೆನ್ನಾಗಿ ತಿಳಿಯುತ್ತದೆ. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಪ್ರತಿಫಲಿತ ಬೆಳಕು ಬಹುಪಾಲು ಧ್ರುವೀಕೃತವಾಗಿರುವುದರಿಂದ, ಉಂಗುರ ಸರಿಯಾದ ಕೋನಕ್ಕೆ ಬಂದೊಡನೆ ಹೊಳಪು ಅಳಿದು ದಡದ ಬಳಿಯ ಕಲ್ಲುಗಳು ಕಾಣತೊಡಗುತ್ತವೆ. ಮಳೆಯಲ್ಲಿ ತೊಯ್ದ ಕಾಫಿ ಎಲೆಗಳ ಬಿಳಿ ಮಿಂಚು ಹೋಗಿ ಹಸಿರು ಗಾಢವಾಗುವುದೂ ಇದರಿಂದಲೇ. ಯಾವ ಎಡಿಟಿಂಗ್ ಆ್ಯಪ್‌ನಿಂದಲೂ ಈ ಕೆಲಸ ಸರಿಯಾಗಿ ಆಗದು. ಲೋಹದ ಹೊಳಪಿನ ಮುಂದೆ ಮಾತ್ರ ಫಿಲ್ಟರ್ ಅಷ್ಟಾಗಿ ನಡೆಯುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಬೆಳಕು. ಮರದ ನೆರಳಿನ ತೋಟದಲ್ಲಿ 1/250 ಸೆಕೆಂಡ್ ಇದ್ದ ಷಟರ್ ವೇಗ 1/80ಕ್ಕೆ ಇಳಿಯಿತು, ಅಂದರೆ ಸುಮಾರು ಮೂರನೇ ಒಂದು ಭಾಗ ಬೆಳಕಷ್ಟೇ ಉಳಿಯಿತು. ಮೋಡ ಕವಿದಾಗ ಹಕ್ಕಿಗಳ ಚಿತ್ರ ತೆಗೆಯಹೊರಟವರಿಗೆ ಇದು ದುಬಾರಿ. ವೈಡ್ ಲೆನ್ಸಿನಲ್ಲಿ ಆಕಾಶದ ಒಂದು ಭಾಗ ಕಡುನೀಲಿಯಾಗಿ ಇನ್ನೊಂದು ಪೇಲವವಾಗುವುದು ಈ ಫಿಲ್ಟರಿನ ದೋಷವಲ್ಲ. ಆಕಾಶದ ಬೆಳಕು ಸೂರ್ಯನಿಂದ 90 ಡಿಗ್ರಿ ದೂರದಲ್ಲಿಯೇ ಹೆಚ್ಚು ಧ್ರುವೀಕೃತವಾಗಿರುತ್ತದೆ.

ಹಲವು ಲೆನ್ಸುಗಳಿರುವವರು ದೊಡ್ಡ ಅಳತೆಯ ಒಂದೇ ಫಿಲ್ಟರ್ ಕೊಂಡು, ಚಿಕ್ಕವುಗಳಿಗೆ ಸ್ಟೆಪ್-ಅಪ್ ರಿಂಗ್ (ದೊಡ್ಡ ಫಿಲ್ಟರನ್ನು ಚಿಕ್ಕ ಲೆನ್ಸಿಗೆ ಕೂರಿಸುವ ಬಳೆ) ಹಾಕಿಕೊಳ್ಳಬಹುದು. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿದರೆ ಒಳಗಿನಿಂದ ತಂದುಕೊಡುತ್ತಾರೆ.