ಎಲ್‌ಡಿ ಲೈಬ್ರರಿ ಪಾತ್ ಸೆಟ್ ಮಾಡೋದಾ, ಎಲ್‌ಡಿ ಕಾನ್ಫಿಗ್ ಓಡಿಸೋದಾ?

ಲಿನಕ್ಸ್‌ನಲ್ಲಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪನ್ನ ಸೋರ್ಸ್‌ನಿಂದ ಕಂಪೈಲ್ ಮಾಡಿದ್ರಿ, ಎಲ್ಲಾ ನೀಟಾಗಿ ಇನ್‌ಸ್ಟಾಲ್ ಆಯ್ತು, ಪ್ಯಾನೆಲ್ ಓಡಿಸಿದ್ರೆ ಮಾತ್ರ ಶೇರ್ಡ್ ಆಬ್ಜೆಕ್ಟ್ ಫೈಲ್ (ಪ್ರೋಗ್ರಾಂಗಳು ಹಂಚ್ಕೊಂಡು ಬಳಸೋ ಲೈಬ್ರರಿ) ಓಪನ್ ಆಗ್ತಿಲ್ಲ ಅಂತ ಬೈಯುತ್ತೆ. ಮೊದಲು ಆ ಬೈನರಿ ಮೇಲೆ ಎಲ್‌ಡಿಡಿ (ಬೇಕಿರೋ ಲೈಬ್ರರಿಗಳನ್ನ ಪಟ್ಟಿ ಮಾಡೋ ಕಮಾಂಡ್) ಓಡಿಸಿ, ಯಾವ ಸಾಲಲ್ಲಿ 'ನಾಟ್ ಫೌಂಡ್' ಇದ್ಯೋ ಅದೇ ಕಳ್ಳ.

ಹೋಮ್ ಫೋಲ್ಡರ್ ಒಳಗೇ ಹಾಕ್ಕೊಂಡು ಸುಮ್ನೆ ಟ್ರೈ ಮಾಡ್ತಿದ್ರೆ ಎಲ್‌ಡಿ ಲೈಬ್ರರಿ ಪಾತ್ (ಲೈಬ್ರರಿನ ಎಲ್ಲಿ ಹುಡುಕ್ಬೇಕು ಅಂತ ಹೇಳೋ ಎನ್ವಿರಾನ್‌ಮೆಂಟ್ ವೇರಿಯಬಲ್) ಸಾಕು, ರೂಟ್ (ಅಡ್ಮಿನ್) ಹಕ್ಕು ಬೇಕಿಲ್ಲ, ಟರ್ಮಿನಲ್ ಮುಚ್ಚಿದ್ರೆ ಮುಗೀತು. ಆದ್ರೆ ಅದನ್ನ ಟರ್ಮಿನಲ್ ತೆರೆದಾಗ ಓದೋ ಬ್ಯಾಷ್ ಆರ್‌ಸಿ ಫೈಲ್‌ನಲ್ಲಿ ಬರೆದಿಟ್ಟು ನಿಶ್ಚಿಂತೆಯಾಗಿರ್ಬೇಡಿ, ಗ್ರಾಫಿಕಲ್ ಲಾಗಿನ್ ಸಾಮಾನ್ಯವಾಗಿ ಆ ಫೈಲ್ ಓದೋದೇ ಇಲ್ಲ, ಟರ್ಮಿನಲ್‌ನಲ್ಲಿ ಓಡಿದ ಪ್ಯಾನೆಲ್ ಲಾಗಿನ್ ಆದ್ಮೇಲೆ ನಾಪತ್ತೆ (ನಾನು ಒಂದಿಡೀ ಸಂಜೆ ಇದಕ್ಕೇ ತಲೆ ಕೆರ್ಕೊಂಡಿದ್ದೆ). ಸೆಟ್‌ಯುಐಡಿ ಪ್ರೋಗ್ರಾಂಗಳಂತೂ (ಓಡಿಸಿದವರದ್ದಲ್ಲ, ಫೈಲ್ ಮಾಲೀಕರ ಹಕ್ಕಲ್ಲಿ ಓಡೋವು) ಈ ವೇರಿಯಬಲ್‌ನ ಕ್ಯಾರೇ ಅನ್ನಲ್ಲ.

ದಿನಾ ಬಳಸೋ ಡೆಸ್ಕ್‌ಟಾಪ್ ಆದ್ರೆ ನನ್ನ ಓಟು ಎಲ್‌ಡಿ ಕಾನ್ಫಿಗ್‌ಗೆ, ಅಂದ್ರೆ ಇಡೀ ಸಿಸ್ಟಮ್‌ನ ಲೈಬ್ರರಿ ಪಟ್ಟಿಯನ್ನ ಅಪ್‌ಡೇಟ್ ಮಾಡೋ ಕಮಾಂಡ್‌ಗೆ. ಇಟಿಸಿ ಒಳಗಿನ ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಲೈಬ್ರರಿ ಇರೋ ಜಾಗ ಬರೀರಿ, ರೂಟ್ ಆಗಿ ಎಲ್‌ಡಿ ಕಾನ್ಫಿಗ್ ಓಡಿಸಿ, ಅಷ್ಟೇ. ಡೆಬಿಯನ್‌ನಲ್ಲಿ ಯುಎಸ್‌ಆರ್ ಲೋಕಲ್ ಲಿಬ್ ಆಗ್ಲೇ ಪಟ್ಟಿಯಲ್ಲಿರುತ್ತೆ, ಬರೀ ಕಮಾಂಡ್ ಓಡಿಸಿದ್ರೆ ಸಾಕು. ತೊಂದ್ರೆ ಏನಂದ್ರೆ ಇದು ಇಡೀ ಸಿಸ್ಟಮ್‌ಗೆ ತಗಲುತ್ತೆ, ಡಿಸ್ಟ್ರೋದ ಎಕ್ಸ್‌ಎಫ್‌ಸಿಇ ಕೂಡ ಇದ್ರೆ ಹಳೇ ಪ್ರೋಗ್ರಾಂ ಹೊಸ ಲೈಬ್ರರಿ ಎತ್ಕೊಂಡು ಮುಗ್ಗರಿಸಬಹುದು.

ಅಂದಹಾಗೆ ಕಂಪೈಲ್‌ಗೆ ಮುಂಚಿನ ಕಾನ್ಫಿಗರ್ ಹಂತದಲ್ಲೇ ಪ್ಯಾಕೇಜ್ ಸಿಗ್ತಿಲ್ಲ ಅಂದ್ರೆ ಇವೆರಡೂ ಉಪಯೋಗಕ್ಕೆ ಬರಲ್ಲ, ಅಲ್ಲಿ ಬೇಕಿರೋದು ಪಿಕೆಜಿ ಕಾನ್ಫಿಗ್ ಪಾತ್ (ಪ್ಯಾಕೇಜ್‌ಗಳ ವಿವರದ ಫೈಲ್ ಎಲ್ಲಿದೆ ಅಂತ ಹೇಳೋ ವೇರಿಯಬಲ್).