ಬ್ಲೇರಿಯೋ 11: ಕೆಳಗೆ ಗಟ್ಟಿ, ಮೇಲೆ ದುರ್ಬಲ

ಬ್ಲೇರಿಯೋ 11 ಒಳ್ಳೆಯ ವಿಮಾನವೇ ಎಂದು ಯಾರಾದರೂ ಕೇಳಿದರೆ ಮೊದಲು ಎರಡು ಪ್ರಶ್ನೆ ತಿರುಗಿ ಕೇಳಬೇಕು: ಯಾವ ವರ್ಷದ್ದು, ಯಾವ ಎಂಜಿನ್ ಹಾಕಿದ್ದು? 1909ರಲ್ಲಿ 25 ಅಶ್ವಶಕ್ತಿಯ ಅಂಜಾನಿ ಕೂರಿಸಿ ಹಾರಿಸಿದ್ದು ಒಂದು ಯಂತ್ರ. ಅದೇ ಮೈಗೆ 50 ಅಶ್ವಶಕ್ತಿಯ ಗ್ನೋಮ್ ಕೂರಿಸಿದ್ದು ಇನ್ನೊಂದು. ತಂತಿಗಳನ್ನು ಬಲಪಡಿಸಿ 1913ರಲ್ಲಿ ಫ್ರೆಂಚ್ ಪೈಲಟ್ ಪೆಗು ತಲೆಕೆಳಗಾಗಿ ಹಾರಿಸಿದ್ದು ಮತ್ತೊಂದು. ಹೆಸರು ಒಂದೇ ಆದರೂ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇಂದಿಗೂ ಇದರ ಪೂರ್ಣ ಗಾತ್ರದ ಪ್ರತಿಕೃತಿ ಕಟ್ಟುವವರಿದ್ದಾರೆ. ಅವರು ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಯಾವುದನ್ನು ಕಣ್ಣು ಮುಚ್ಚಿ ನಕಲು ಮಾಡಬಾರದು ಎಂಬುದೇ ಈ ವಿಮರ್ಶೆಯ ವಿಷಯ.

ಮೊದಲು ಮೈಕಟ್ಟು. ರೆಕ್ಕೆಗಳ ಹರವು ಸುಮಾರು 7.8 ಮೀಟರ್, ವಿಸ್ತೀರ್ಣ 14 ಚದರ ಮೀಟರ್, ಬರಿ ತೂಕ 230 ಕಿಲೋ ಆಸುಪಾಸು. ಒಡಲು ಎಂದರೆ ಆಶ್ ಮರದ ನಾಲ್ಕು ಉದ್ದ ತೊಲೆಗಳು, ಅಡ್ಡಪಟ್ಟಿಗಳು, ಅವುಗಳ ನಡುವೆ ಕರ್ಣಕ್ಕೆ ಬಿಗಿದ ಪಿಯಾನೋ ತಂತಿ. ಮುಂಭಾಗಕ್ಕೆ ಮಾತ್ರ ಬಟ್ಟೆಯ ಹೊದಿಕೆ, ಹಿಂಭಾಗ ಬತ್ತಲೆ. ಕೀಲುಗಳಿಗೆ ಯು ಆಕಾರದ ಬೋಲ್ಟ್ ಬಳಸಿರುವುದರಿಂದ ಒಂದು ಅಡ್ಡಪಟ್ಟಿ ಮುರಿದರೆ ಅದೊಂದನ್ನೇ ಕಳಚಿ ಬದಲಿಸಬಹುದು. ನಡೆಸುವುದಕ್ಕೆ ಕೈಯಲ್ಲಿ ಒಂದು ಕೋಲು, ಕಾಲಲ್ಲಿ ಒಂದು ಅಡ್ಡಪಟ್ಟಿ. ಮುಂದೆ ಬಂದ ಅನೇಕ ವಿಮಾನಗಳು ಹಿಡಿದ ದಾರಿಯೂ ಇದೇ. ರೆಕ್ಕೆಗಳನ್ನು ಒಡಲಿನಿಂದ ಬಿಚ್ಚಿ ಗಾಡಿಯ ಮೇಲೆ ಸಾಗಿಸಬಹುದಿತ್ತು. 1909ರ ಜುಲೈ 25ರಂದು ಇದರ ತಯಾರಕ ಲೂಯಿ ಬ್ಲೇರಿಯೋ ಫ್ರಾನ್ಸಿನ ಕ್ಯಾಲೆ ಬಳಿಯಿಂದ ಇಂಗ್ಲೆಂಡಿನ ಡೋವರ್‌ಗೆ ಸುಮಾರು 37 ನಿಮಿಷದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಮೇಲೆ ನೂರಕ್ಕೂ ಹೆಚ್ಚು ಯಂತ್ರಗಳಿಗೆ ಬೇಡಿಕೆ ಬಂದದ್ದು ಸುಮ್ಮನೆ ಅಲ್ಲ.

ಆ ಹಾರಾಟ ಮುಗಿದದ್ದೂ ಒಂದು ಅಪಘಾತದಲ್ಲೇ. ಡೋವರ್ ಕೋಟೆಯ ಬಳಿ ಗಾಳಿ ಎತ್ತಿ ಎಸೆಯುತ್ತಿದ್ದಾಗ ಬ್ಲೇರಿಯೋ ಸುಮಾರು 20 ಮೀಟರ್ ಎತ್ತರದಲ್ಲಿ ಎಂಜಿನ್ ಆರಿಸಿದ. ಇಳಿದ ರಭಸಕ್ಕೆ ಚಕ್ರದ ಚೌಕಟ್ಟೂ ಪ್ರೊಪೆಲರೂ ಮುರಿದವು, ಮನುಷ್ಯ ಉಳಿದ. ಚಕ್ರದ ವ್ಯವಸ್ಥೆಗೆ ಇಲ್ಲಿ ಪೂರ್ಣ ಅಂಕ ಕೊಡಬೇಕು. ಎರಡು ಮುಂಚಕ್ರಗಳು ವಿಮಾನ ಸಾಗುವ ದಿಕ್ಕಿಗೆ ತಾವಾಗಿ ತಿರುಗುತ್ತವೆ, ರಬ್ಬರ್ ಪಟ್ಟಿಗಳು ಪೆಟ್ಟನ್ನು ನುಂಗುತ್ತವೆ. ಮುರಿಯಬೇಕಾದ ಭಾಗ ಮೊದಲು ಮುರಿದು ಮೇಲಿರುವವನನ್ನು ಕಾಯುತ್ತದೆ.

ಈ ಯಂತ್ರದ ನಿಜವಾದ ಸಮಸ್ಯೆ ಇರುವುದು ರೆಕ್ಕೆಯ ತಂತಿಗಳಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂಟಿ ರೆಕ್ಕೆಯ, ಅಂದರೆ ಒಂದೇ ಜೋಡಿ ರೆಕ್ಕೆಯ ವಿಮಾನದಲ್ಲಿ ಆ ಕಾಲದ ತೆಳ್ಳನೆಯ ರೆಕ್ಕೆ ತನ್ನ ಬಲದ ಮೇಲೆ ನಿಲ್ಲುವುದಿಲ್ಲ. ಕೆಳಗಿನಿಂದ ಬರುವ ತಂತಿಗಳು ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಹಿಡಿಯುತ್ತವೆ. ಪೈಲಟ್‌ನ ಮುಂದಿನ ಗೂಟದಿಂದ ಇಳಿಯುವ ಮೇಲಿನ ತಂತಿಗಳು ನೆಲದ ಮೇಲೆ ನಿಂತಾಗ ರೆಕ್ಕೆ ಜೋತು ಬೀಳದಂತೆ ಹಿಡಿಯುತ್ತವೆ. ಹಾಗಾಗಿ ಮೇಲಿನ ತಂತಿಗೆ ಇರುವುದು ರೆಕ್ಕೆಯ ಸ್ವಂತ ಭಾರ ಅಷ್ಟೇ ಎಂದು ಎಲ್ಲರೂ ತಿಳಿದರು. ಕೆಳಗಿನದನ್ನು ದಪ್ಪ ಮಾಡಿದರು, ಮೇಲಿನದನ್ನು ತೆಳ್ಳಗೆ ಬಿಟ್ಟರು, ಗೂಟವನ್ನೂ ಗಿಡ್ಡ ಇಟ್ಟರು.

ತಪ್ಪಿದ್ದು ಇಲ್ಲೇ. ಬಾಗಿದ ರೆಕ್ಕೆಯ ಮೇಲೆ ಗಾಳಿ ಒತ್ತುವ ಕೇಂದ್ರ ಒಂದೇ ಕಡೆ ನಿಲ್ಲುವುದಿಲ್ಲ. ಮೂತಿ ಕೆಳಗೆ ಮಾಡಿ ವೇಗವಾಗಿ ಇಳಿಯುವಾಗ ಅದು ಹಿಂದಕ್ಕೆ ಸರಿಯುತ್ತದೆ. ಆಗ ರೆಕ್ಕೆಯೊಳಗಿನ ಎರಡು ತೊಲೆಗಳಲ್ಲಿ ಹಿಂದಿನ ತೊಲೆ ಮೇಲಕ್ಕೆ ಎಳೆಯುತ್ತದೆ, ಮುಂದಿನ ತೊಲೆ ಕೆಳಕ್ಕೆ ಒತ್ತಿಸಿಕೊಳ್ಳುತ್ತದೆ. ಹಿಂದಿನ ತೊಲೆಯನ್ನು ಹಿಡಿದಿರುವುದು ವಿಮಾನವನ್ನು ವಾಲಿಸಲು ರೆಕ್ಕೆ ತಿರುಚುವ ತಂತಿ. ಅದು ಪೈಲಟ್‌ನ ಕೈಗೆ ತಕ್ಕಂತೆ ಸರಿಯಬೇಕಾದ್ದರಿಂದ ಭದ್ರವಾಗಿ ಕಟ್ಟಿ ಹಾಕುವಂತಿಲ್ಲ. ಕೊನೆಗೆ ಭಾರವೆಲ್ಲ ಬಂದು ಬೀಳುವುದು ಯಾರೂ ಲೆಕ್ಕಕ್ಕೆ ಇಡದ ಮೇಲಿನ ಮುಂಭಾಗದ ತಂತಿಯ ಮೇಲೆ.

ಕೋನದ ಲೆಕ್ಕ ಇನ್ನೂ ಕಠಿಣ. ತಂತಿ ರೆಕ್ಕೆಗೆ 30 ಡಿಗ್ರಿ ಕೋನದಲ್ಲಿದ್ದರೆ 100 ಕಿಲೋ ಭಾರ ತಡೆಯಲು ತಂತಿಯಲ್ಲಿ 200 ಕಿಲೋ ಎಳೆತ ಬೇಕು. ಗೂಟ ಗಿಡ್ಡವಾಗಿ ಕೋನ 15 ಡಿಗ್ರಿಗೆ ಇಳಿದರೆ ಅದೇ 100 ಕಿಲೋಗೆ ಎಳೆತ ಸುಮಾರು 386 ಕಿಲೋ ಆಗುತ್ತದೆ. ಜೊತೆಗೆ ಸುಮಾರು 373 ಕಿಲೋ ಬಲ ತೊಲೆಯನ್ನೇ ಒಡಲಿನತ್ತ ಅದುಮುತ್ತದೆ. ತಂತಿ ತಡೆದುಕೊಂಡರೂ ತೆಳು ತೊಲೆ ಬಳುಕಿ ಮುರಿಯಬಹುದು.

ಇಷ್ಟರ ಮೇಲೆ ಗ್ನೋಮ್ ಬಂತು. ಎಂಜಿನ್ ಎಂದು ನೋಡಿದರೆ ಅದು ಆ ಕಾಲದ ಅದ್ಭುತ: ಏಳು ಸಿಲಿಂಡರ್, 50 ಅಶ್ವಶಕ್ತಿ, ತೂಕ ಸುಮಾರು 75 ಕಿಲೋ, ಸಿಲಿಂಡರ್‌ಗಳೇ ಪ್ರೊಪೆಲರ್ ಜೊತೆ ಸುತ್ತುವುದರಿಂದ ತಣ್ಣಗಿರುತ್ತದೆ. ಅಂಜಾನಿ ಹೊತ್ತು ಹೋದಂತೆ ಕಾದು ಸೊರಗುತ್ತದೆ, ಎಣ್ಣೆ ಉಗುಳುತ್ತದೆ. ಆದರೆ ಆ ಸೊರಗುವಿಕೆಯೇ ರೆಕ್ಕೆಯನ್ನು ಕಾಯುತ್ತಿತ್ತು ಎಂಬುದು ಆಮೇಲೆ ತಿಳಿದದ್ದು. ಶಕ್ತಿ ಇಮ್ಮಡಿಯಾದರೆ ವೇಗ ಏರುವುದು ಸುಮಾರು ಕಾಲು ಭಾಗ ಮಾತ್ರ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ರೆಕ್ಕೆಯ ಮೇಲಿನ ಭಾರ ಒಂದೂವರೆ ಪಟ್ಟು ದಾಟುತ್ತದೆ. ತಂತಿಗಳು ಹಳೆಯವೇ.

1910ರ ಜನವರಿ 4ರಂದು ಬೋರ್ಡೋ ಬಳಿ ಲೆಯೋನ್ ದೆಲಾಗ್ರಾಂಜ್ ಹಾರಿಸುತ್ತಿದ್ದದ್ದು ಇಂಥದ್ದೇ, 25ರ ಜಾಗಕ್ಕೆ 50 ಕೂರಿಸಿದ ಬ್ಲೇರಿಯೋ. ರೆಕ್ಕೆ ಮುರಿಯಿತು, ಅವನು ಸತ್ತ. ಅದೇ ವರ್ಷ ಸೆಪ್ಟೆಂಬರ್ 23ರಂದು ಪೆರು ಮೂಲದ ಹೋರ್ಹೆ ಚಾವೆಜ್ ಸಿಂಪ್ಲಾನ್ ಕಣಿವೆಯ ಮೇಲೆ ಆಲ್ಪ್ಸ್ ದಾಟಿದ. ದೊಮೊದೊಸೊಲದಲ್ಲಿ ಇಳಿಯುತ್ತಿದ್ದಾಗ ಸುಮಾರು 20 ಮೀಟರ್ ಎತ್ತರದಲ್ಲಿ ರೆಕ್ಕೆಗಳು ಮಡಚಿಕೊಂಡವು. ನಾಲ್ಕು ದಿನದ ಮೇಲೆ ತೀರಿಕೊಂಡ. ಪರ್ವತ ದಾಟಿದ ರೆಕ್ಕೆ ಇಳಿಯುವಾಗ ಸೋತಿತು ಎಂಬುದನ್ನು ಮೇಲಿನ ಲೆಕ್ಕದ ಜೊತೆ ಇಟ್ಟು ನೋಡಬೇಕು.

1912ರ ಆರಂಭದಲ್ಲಿ ಸ್ವತಃ ಬ್ಲೇರಿಯೋ ಫ್ರೆಂಚ್ ಸೇನೆಗೆ ವರದಿ ಬರೆದು, ರೆಕ್ಕೆಗೆ ಮೇಲಿನಿಂದಲೂ ಭಾರ ಬೀಳುತ್ತದೆ, ಮೇಲಿನ ತಂತಿಗಳನ್ನು ಬಲಪಡಿಸಬೇಕು ಎಂದ. ಸೇನೆ ಒಂಟಿ ರೆಕ್ಕೆಯ ವಿಮಾನಗಳನ್ನು ಕೆಲಕಾಲ ನಿಲ್ಲಿಸಿತು. ತಾನೇ ಮಾರಿದ ಯಂತ್ರದ ಕುಂದನ್ನು ತಾನೇ ಎತ್ತಿ ತೋರಿಸಿದ ಈ ಕೆಲಸಕ್ಕೆ ಕಾಲುವೆ ದಾಟಿದ್ದಕ್ಕಿಂತ ಹೆಚ್ಚು ಗೌರವ ಸಲ್ಲಬೇಕು. ಬ್ರಿಟನ್ನಿನಲ್ಲಿ ಅದೇ ಸೆಪ್ಟೆಂಬರ್‌ನಲ್ಲಿ ಬೇರೆ ತಯಾರಕರ ಎರಡು ಒಂಟಿ ರೆಕ್ಕೆಯ ವಿಮಾನಗಳು ನಾಲ್ಕು ದಿನದ ಅಂತರದಲ್ಲಿ ಬಿದ್ದು ನಾಲ್ವರು ಅಧಿಕಾರಿಗಳು ಸತ್ತಾಗ ಅಲ್ಲಿನ ಸೇನೆಯೂ ನಿಷೇಧ ಹೇರಿತು. ತನಿಖಾ ಸಮಿತಿಯ ಸಲಹೆಗಳಲ್ಲಿ ಒಂದು ಇಂದಿಗೂ ನೆನಪಿಡುವಂಥದ್ದು: ಇಳಿಯುವಾಗ ಪೆಟ್ಟು ತಿನ್ನುವ ಭಾಗಕ್ಕೆ ರೆಕ್ಕೆಯ ಮುಖ್ಯ ತಂತಿ ಕಟ್ಟಬೇಡಿ.

ಎರಡು ರೆಕ್ಕೆಯ ವಿಮಾನ ಇದಕ್ಕಿಂತ ಸುರಕ್ಷಿತವಾಗಿತ್ತೇ? ರೆಕ್ಕೆ ಮಡಚುವ ವಿಷಯದಲ್ಲಿ ಹೌದು. ಮೇಲಿನ, ಕೆಳಗಿನ ರೆಕ್ಕೆ, ನಡುವಿನ ಕಂಬ, ಅಡ್ಡ ತಂತಿ ಸೇರಿ ಸೇತುವೆಯಂಥ ಪೆಟ್ಟಿಗೆಯಾಗುತ್ತದೆ, ಎರಡೂ ಕಡೆಯ ಭಾರ ತಡೆಯುತ್ತದೆ. ಬೇರೆ ಅಪಾಯಗಳು ಅಲ್ಲೂ ಇದ್ದವು. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಾಯರ್‌ನಲ್ಲಿ ರೈಟ್ ವಿಮಾನದ ಸೀಳಿದ ಪ್ರೊಪೆಲರ್ ಬಾಲದ ತಂತಿಗೆ ಬಡಿದು ವಿಮಾನ ಬಿತ್ತು, ಪ್ರಯಾಣಿಕ ಸೆಲ್ಫ್ರಿಜ್ ಸತ್ತ. ಎಂಜಿನ್ ಇರುವ ವಿಮಾನದ ಮೊದಲ ಸಾವು ಅದು.

ಬಾಲದ ಬಗ್ಗೆಯೂ ಎಚ್ಚರ ಬೇಕು. ಬ್ಲೇರಿಯೋದ ಹಿಂದಿನ ಫಲಕ ಬಾಗಿದ್ದು, ವಿಮಾನದ ಭಾರದ ಒಂದು ಪಾಲನ್ನು ತಾನೂ ಹೊರುತ್ತದೆ. ವೇಗ ಏರಿದಂತೆ ಅದು ಇನ್ನಷ್ಟು ಎತ್ತುವುದರಿಂದ ಮೂತಿ ಇನ್ನಷ್ಟು ಕೆಳಗಾಗುತ್ತದೆ. ಸೀಟು ಬೆಲ್ಟೂ ಇಲ್ಲದಿದ್ದರೆ ಹೇಳುವುದೇ ಬೇಡ. 1910ರ ಡಿಸೆಂಬರ್ 31ರಂದು ನ್ಯೂ ಆರ್ಲಿಯನ್ಸ್ ಬಳಿ ಜಾನ್ ಮೊಯ್ಸಾಂಟ್, 1912ರ ಜುಲೈ 1ರಂದು ಬಾಸ್ಟನ್ ಬಳಿ ಎರಡು ಆಸನದ ಮಾದರಿಯಿಂದ ಹ್ಯಾರಿಯೆಟ್ ಕ್ವಿಂಬಿ ಮತ್ತು ಅವಳ ಪ್ರಯಾಣಿಕ, ಮೂವರೂ ಯಂತ್ರದಿಂದ ಹೊರಗೆ ಎಸೆಯಲ್ಪಟ್ಟು ಸತ್ತರು. ಒಂದು ಚರ್ಮದ ಪಟ್ಟಿಯ ಮಾತು ಅದು, ನೆನೆದರೆ ಸಂಕಟವಾಗುತ್ತದೆ.

ಇದೇ ವಿನ್ಯಾಸವನ್ನು ಸರಿಪಡಿಸಿದರೆ ಏನಾಗುತ್ತದೆ ಎಂಬುದನ್ನು ಪೆಗು ತೋರಿಸಿದ. 1913ರ ಸೆಪ್ಟೆಂಬರ್‌ನಲ್ಲಿ ಬಲಪಡಿಸಿದ ತಂತಿ, ಭುಜಕ್ಕೆ ಬಿಗಿದ ಪಟ್ಟಿಗಳೊಂದಿಗೆ ಮೊದಲು ತಲೆಕೆಳಗಾಗಿ ಹಾರಿದ, ಆಮೇಲೆ ಪೂರ್ತಿ ಸುತ್ತು ಹೊಡೆದ. ತಲೆಕೆಳಗಾದಾಗ ಇಡೀ ವಿಮಾನ ನೇತಾಡುವುದು ಆ ಮೇಲಿನ ತಂತಿಗಳಿಗೇ.

ಪ್ರತಿಕೃತಿ ಕಟ್ಟುವವರು 1909ರ ನೋಟ ಉಳಿಸಿಕೊಂಡೂ 1913ರ ಬಲ ಕೊಡಬಹುದು. ಮೇಲಿನ ತಂತಿಯನ್ನು ಕೆಳಗಿನಷ್ಟೇ ದಪ್ಪ ಹಾಕಿ. ಗೂಟ ಎತ್ತರಿಸಿ. ತಂತಿಯ ತುದಿಗೆ ಬೆಸುಗೆ ಬೇಡ: ಬೆಸುಗೆಯ ಆಮ್ಲ ಒಳಗೇ ಉಳಿದು ಪಿಯಾನೋ ತಂತಿಯನ್ನು ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ತಂತಿ ಬಿಗಿಯುವ ಟರ್ನ್‌ಬಕಲ್‌ನ ಎರಡೂ ಬದಿಯ ತಿರುಪು ಪೂರ್ತಿ ಒಳಗಿದೆಯೇ, ತಿರುಗದಂತೆ ಲಾಕ್ ತಂತಿ ಹಾಕಿದೆಯೇ ಎಂದು ಪ್ರತಿ ಹಾರಾಟಕ್ಕೆ ಮುಂಚೆ ಮುಟ್ಟಿ ನೋಡಿ. ಎಡ, ಬಲದ ಜೋಡಿ ತಂತಿಗಳನ್ನು ಬೆರಳಿನಿಂದ ಮೀಟಿದರೆ ಒಂದೇ ಶ್ರುತಿ ಬರಬೇಕು. ತಿರುಚುವ ತಂತಿ ರಾಟೆಯ ಮೇಲೆ ಹಾದುಹೋಗುವ ಜಾಗದಲ್ಲಿ ಎಳೆಗಳು ಮೊದಲು ಸವೆಯುತ್ತವೆ. ಅಲ್ಲಿ ಬಟ್ಟೆ ಉಜ್ಜಿ, ಒಂದು ಎಳೆ ಸಿಕ್ಕಿಕೊಂಡರೂ ಇಡೀ ತಂತಿ ಬದಲಿಸಿ. ಗ್ನೋಮ್ ಹಾಕಿದವರು ಹರಳೆಣ್ಣೆಯನ್ನೇ ಬಳಸಬೇಕು, ಖನಿಜ ಎಣ್ಣೆ ಪೆಟ್ರೋಲಿನಲ್ಲಿ ಕರಗಿ ಹೋಗುತ್ತದೆ. ಸುತ್ತುವ ಎಂಜಿನ್ನಿನಿಂದಾಗಿ ಬಲಕ್ಕೆ ತಿರುಗುವಾಗ ಮೂತಿ ಕೆಳಗೆ ಎಳೆಯುತ್ತದೆ. ನೆಲಕ್ಕೆ ಹತ್ತಿರ ಹಾರುವಾಗ ಬಲ ತಿರುವು ಬೇಡ.

ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿರುವ 1909ರ ಮೂಲ ಯಂತ್ರವನ್ನು ಇಂದಿಗೂ ಅಂಜಾನಿಯಲ್ಲೇ ಎಬ್ಬಿಸುತ್ತಾರೆ. ಗಾಳಿ ನಿಂತ ಸಂಜೆ, ಮೈದಾನದ ಉದ್ದಕ್ಕೆ ನೇರವಾಗಿ ಒಂದು ಸಣ್ಣ ನೆಗೆತ, ಮತ್ತೆ ನೆಲಕ್ಕೆ.